ಆಯಮ್ಮನ ಸರದಿ

ಸೂಜಿಗೆ ಹೆದರುವವರು ಮಕ್ಕಳು ಮಾತ್ರ ಅಂತ ಯಾರಾದರೂ ತಿಳಿದಿದ್ದರೆ, ಚಳಿಗಾಲಕ್ಕೆ ಮುಂಚೆ ಊರಿನ ಆಸ್ಪತ್ರೆಯ ಲಸಿಕೆ ಕೋಣೆಗೆ ಬಂದು ನೋಡಬೇಕಿತ್ತು. ಗಿರಿಜಾ ಮೀಸೆಯ ಗಂಡಸರು ಕೂಡ ಅಂಗಿಯ ತೋಳು ಮಡಿಸುವಷ್ಟರಲ್ಲಿ ಬೆವೆತುಹೋಗುತ್ತಿದ್ದರು. ಆಗೆಲ್ಲ ಆಯಮ್ಮನೇ ಬೇಕು. ನೆಲ ಒರೆಸುವುದು, ಹಾಸಿಗೆ ಬದಲಿಸುವುದು ಅವಳ ಕೆಲಸ. ಆದರೆ ಫ್ಲೂ ಲಸಿಕೆ ಹಾಕುವ ವಾರಗಳಲ್ಲಿ ಹೆದರಿದವರ ಪಕ್ಕ ಸ್ಟೂಲಿನ ಮೇಲೆ ಕೂತು ಕೈ ಹಿಡಿದುಕೊಳ್ಳುವುದೇ ಅವಳಿಗೆ ದೊಡ್ಡ ಕೆಲಸವಾಗಿಬಿಡುತ್ತಿತ್ತು.

"ನೋಯೋದೇ ಇಲ್ಲ ಅಂತ ಸುಳ್ಳು ಹೇಳಲ್ಲಪ್ಪ. ಇರುವೆ ಕಚ್ಚಿದ ಹಾಗೆ, ಅಷ್ಟೇ," ಅನ್ನುತ್ತಿದ್ದಳು. ಮಾತು ಮುಗಿಯುವುದರೊಳಗೆ ಸಿಸ್ಟರ್ ಚುಚ್ಚಿ ಆಗಿರುತ್ತಿತ್ತು. ಮಾರನೆಯ ದಿನ ಅವರು ಎಲ್ಲಿ ಸಿಕ್ಕರೂ "ಕೈ ಹೇಗಿದೆ?" ಅಂತ ವಿಚಾರಿಸದೆ ಬಿಡುತ್ತಿರಲಿಲ್ಲ.

ಆ ದಿನ ಬಂದ ಶಾಲಾ ಬಸ್ಸಿನ ಡ್ರೈವರಣ್ಣ ಮಾತ್ರ ಕುರ್ಚಿಯಲ್ಲಿ ಕೂರಲೇ ಇಲ್ಲ. ಆಳು ಬಾಗಿಲಿನಷ್ಟು ದೊಡ್ಡವನು. ಕಳೆದ ಚಳಿಗಾಲದಲ್ಲಿ ಇದೇ ಫ್ಲೂ ಎದೆಗೆ ಇಳಿದು, ಮೇಲಿನ ವಾರ್ಡಿನಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ. ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಅತ್ತದ್ದು ಆಯಮ್ಮನ ಕಣ್ಣಿಗೆ ಕಟ್ಟಿದಂತಿತ್ತು. ಇನ್ನೊಂದು ಸಲ ಹಾಗಾದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು.

"ಲಸಿಕೆ ಹಾಕಿಸ್ಕೊಂಡ್ರೇ ಫ್ಲೂ ಬರುತ್ತಂತೆ," ಅಂದ, ಬಾಗಿಲ ಹಿಡಿ ಬಿಡದೆ.

"ಇದ್ರಿಂದ ಫ್ಲೂ ಬರಲ್ಲ ಅಣ್ಣ," ಅಂದಳು ಸಿಸ್ಟರ್. "ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಮೈ ಕುಸ್ತಿಗೆ ತಯಾರಾಗ್ತಿದೆ ಅಂದ್ಕೊಳ್ಳಿ. ನಿಮ್ಮ ಬಸ್ಸಿನ ತುಂಬ ಮೂಗು ಸೋರೋ ಮಕ್ಕಳು ಬೇರೆ!"

ಅವನು ಆಯಮ್ಮನ ಕಡೆ ತಿರುಗಿದ. "ನೀವು ಹೇಳಿ ಆಯಮ್ಮ, ನಿಮ್ಮ ಮಾತು ನಂಬ್ತೀನಿ. ನಿಮಗೆ ಹಾಕಿದಾಗ ಏನಾಯ್ತು?"

ಅಯ್ಯೋ ಪಾಪ, ಆಯಮ್ಮ ಸಿಕ್ಕಿಬಿದ್ದಳು. ಏನೂ ಆಗಲಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಂಬುತ್ತೇನೆ ಅಂದವನ ಮುಖ ನೋಡಿಕೊಂಡು ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ನಾನು ಹಾಕಿಸ್ಕೊಂಡೇ ಇಲ್ಲಪ್ಪ," ಅಂದಳು.

ಸಿಸ್ಟರ್ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. "ವರ್ಷಾ ವರ್ಷಾ ನಂದಾಯ್ತು, ನಂದಾಯ್ತು ಅಂತಿದ್ರಲ್ಲ!"

"ಹೆದರಿಕೆ ಕಣಮ್ಮ. ಇವರಿಗೆಲ್ಲ ಚುಚ್ಚೋವಾಗ ನಾನು ಕಿಟಕಿ ಕಡೆ ತಿರುಗಿರ್ತೀನಿ. ನೀನು ನೋಡೇ ಇಲ್ಲ."

"ಸರಿಹೋಯ್ತು!" ಅಂದವನೇ ಡ್ರೈವರಣ್ಣ ಬಾಗಿಲು ತೆರೆದ.

ಹೊರಟ ಅವನ ಬೆನ್ನು ಕಂಡದ್ದೇ ತಡ, ಆಯಮ್ಮನಿಗೆ ಮೆಟ್ಟಿಲ ಮೇಲೆ ಅತ್ತಿದ್ದ ಅವನ ಹೆಂಡತಿ ನೆನಪಾದಳು. "ನಿಲ್ಲೋ ಮಾರಾಯ!" ಅಂದಳು. ಹೋಗಿ ರೋಗಿಗಳ ಕುರ್ಚಿಯಲ್ಲಿ ಕೂತಳು. "ಸಿಸ್ಟರ್, ಮೊದಲು ನಂಗೆ ಹಾಕು. ನೋಡಿದ ಮೇಲೂ ಹೋಗೋದಾದ್ರೆ ಹೋಗಲಿ."

ಡ್ರೈವರಣ್ಣ ನಿಂತ. ಅವಳ ಸ್ಟೂಲು ಖಾಲಿ ಇತ್ತು. ಏನನ್ನಿಸಿತೋ, ವಾಪಸ್ಸು ಬಂದು ಅದರ ಮೇಲೆ ಕೂತು, ಸ್ಟೀರಿಂಗ್ ತಿರುಗಿಸಿ ದಡ್ಡುಗಟ್ಟಿದ್ದ ತನ್ನ ಅಂಗೈ ಚಾಚಿದ. ಆಯಮ್ಮ ಕಣ್ಣು ಮುಚ್ಚಿ ಅದನ್ನು ಹಿಡಿದುಕೊಂಡಳು.

"ಅಯ್ಯಯ್ಯಪ್ಪಾ!" ಅಂತ ಕೂಗಿದ್ದು ಡ್ರೈವರಣ್ಣ. "ಬೆರಳು ಮುರಿದ್ರಲ್ಲ ಆಯಮ್ಮ!"

"ಚುಚ್ಚಿದ್ಲಾ?"

"ಆಗ್ಲೇ ಆಯ್ತು, ಕಣ್ಣು ಬಿಡಿ," ಅಂತ ಸಿಸ್ಟರ್ ನಕ್ಕಳು.

"ಹೇಗಿತ್ತು? ನಿಜ ಹೇಳಿ," ಅಂದ ಅವನು.

"ಇರುವೆಗಿಂತ ಒಂಚೂರು ಜಾಸ್ತೀನೇ. ಆದ್ರೆ ತಡ್ಕೋಬಹುದು ಕಣಪ್ಪ, ಖಂಡಿತ ತಡ್ಕೋಬಹುದು."

ಅವನು ಬೆರಳು ನೀವಿಕೊಳ್ಳುತ್ತಲೇ ತೋಳು ಮಡಿಸತೊಡಗಿದ. ಈ ಸಲ ಆಯಮ್ಮ ಅವನ ಕೈ ಹಿಡಿದುಕೊಂಡು, ಕಿಟಕಿಯ ಕಡೆ ತಿರುಗದೆ, ಕೊನೆಯವರೆಗೂ ನೋಡಿದಳು.

ಮಾರನೆಯ ಬೆಳಿಗ್ಗೆ ಅವಳ ಎಡತೋಳು ನೋಯುತ್ತಿತ್ತು. ಬಲಗೈಯಲ್ಲೇ ಆಸ್ಪತ್ರೆಯ ಮೆಟ್ಟಿಲು ಒರೆಸುತ್ತಿದ್ದಾಗ ಗೇಟಿನಾಚೆ ಶಾಲಾ ಬಸ್ಸು ನಿಂತು ಹಾರ್ನ್ ಹೊಡೆಯಿತು. ಡ್ರೈವರಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ, "ಆಯಮ್ಮಾ, ಕೈ ಹೇಗಿದೆ?"

ಅಷ್ಟು ವರ್ಷ ಅವಳು ಊರವರನ್ನೆಲ್ಲ ಕೇಳಿದ ಮಾತು ಅದು. ಅವಳನ್ನು ಒಬ್ಬರೂ ಕೇಳಿರಲಿಲ್ಲ. ಕೇಳುವುದಕ್ಕೆ ಅವಳೇ ಅವಕಾಶ ಕೊಟ್ಟಿರಲಿಲ್ಲ.

"ನೋಯ್ತಿದೆ ಕಣಪ್ಪ. ನಿಂದು?"

"ನಂದೂ!"

ಬಸ್ಸು ಹೊರಟಿತು. ಆಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನೋಯುವ ತೋಳನ್ನೇ ಎತ್ತಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಟಾಟಾ ಮಾಡಿದಳು.