ಮೂರನೆಯ ಮನೆ

ಹಿಂದೆ, ಬಲು ಹಿಂದೆ, ಬೋಳುಬೆಟ್ಟಗಳಿಗೂ ಉಪ್ಪುನೀರಿನ ಕೊಲ್ಲಿಗೂ ನಡುವೆ ಒಂದು ಏಪ್ರಿಕಾಟ್ ತೋಟವಿತ್ತಂತೆ. ದೊಡ್ಡ ಯುದ್ಧ ಮುಗಿಸಿ ಬಂದ ಹುಡುಗರು ಅದರ ಪಕ್ಕದ ಶಾಲೆಗೆ ಓದಲು ಸೇರಿದರಂತೆ. ಅವರಿಗೆಲ್ಲ ನಿದ್ದೆ ಮರೆತುಹೋಗಿತ್ತಂತೆ. ಹಗಲು ಪುಸ್ತಕ, ಸಂಜೆ ಗುದ್ದಲಿ. ಒಂದೊಂದೇ ಮರ ಕಿತ್ತು, ಬೇರು ಸುಟ್ಟು, ಕೆಂಪುಮಣ್ಣು ಹಾಸಿ, ಮೂರು ಮೂಲೆಗೆ ಮೂರು ಬಿಳಿ ದಿಂಬು ಇಟ್ಟು, ನಾಲ್ಕನೆಯ ಮೂಲೆಯಲ್ಲಿ ಒಂದು ಬಿಳಿ ಹಲಗೆ ಹೂತರಂತೆ. ಆ ಹಲಗೆಗೆ ಮನೆ ಎಂದು ಹೆಸರು. ಮನೆಯಿಂದ ಹೊರಟವನು ಮೂರೂ ದಿಂಬು ಮುಟ್ಟಿ ತಿರುಗಿ ಮನೆಗೇ ಬರಬೇಕು. ಬರದಂತೆ ತಡೆಯಲು ಒಂಬತ್ತು ಮಂದಿ ಕಾದಿರುತ್ತಾರೆ.

"ಹೂಂ," ಎಂದಳು ಕಾಶವ್ವ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ಒಂದು ಮನೆಯ ಅಡುಗೆಕೋಣೆಯಲ್ಲಿ ಕೋಚ್ ಸಿಲ್ವೇರಾ ಹೇಳುತ್ತಿದ್ದುದು ತಮ್ಮ ಯೂನಿವರ್ಸಿಟಿಯ ಬೇಸ್‌ಬಾಲ್ ತಂಡದ ಚರಿತ್ರೆ. ಅದನ್ನು ಕಾಶವ್ವನಿಗೆ ಕನ್ನಡ ಮಾಡಿ ಹೇಳುತ್ತಿದ್ದವಳು ಮಗಳು ಪ್ರಭಾ. ಕಥೆಯಂತೆ ಹೇಳದಿದ್ದರೆ ಅವ್ವ ಹೂಂಗುಟ್ಟುವವಳಲ್ಲ, ನಡುವೆ ಎದ್ದು ಒಲೆಯ ಕಡೆ ಹೋಗಿಬಿಡುವವಳು. ಮುದುಕಿಯ ಒಂದೊಂದು ಹೂಂಗೂ ಕೋಚ್ ತಲೆಯಾಡಿಸಿ, ಈಕೆಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆಂದು ಭಾವಿಸಿ, ಅವಳ ಮುಖವನ್ನೇ ನೋಡಿ ಹೇಳತೊಡಗಿದ್ದರು. ಮೊದಲ ವರ್ಷ ಸಮವಸ್ತ್ರವಿಲ್ಲದೆ ಸೈನ್ಯದ ಹಳೆಯ ಅಂಗಿಗಳಲ್ಲೇ ಆಡಿದ್ದು. ಬೆಟ್ಟದಿಂದ ಇಳಿದು ಬಂದ ಯಾರದೋ ಕುರಿಗಳು ಆಟದ ನಡುವೆ ಹುಲ್ಲು ಮೇಯುತ್ತ ನಿಂತದ್ದು. ಒಂದೇ ಒಂದು ವರ್ಷ ಎಲ್ಲರನ್ನೂ ಸೋಲಿಸಿ, ಕಪ್ಪನ್ನು ತಮ್ಮ ಊರು ಹೇವರ್ಡಿನ ಬೀದಿಗಳಲ್ಲಿ ಮೆರೆಸಿದ್ದು.

ಗುದ್ದಲಿ ಹಿಡಿದು ಮರ ಕಿತ್ತ ಹುಡುಗರಲ್ಲಿ ತಾನೂ ಒಬ್ಬ ಎಂದು ಅವರು ಹೇಳಲಿಲ್ಲ. ಅವರ ಬೆರಳ ಗೆಣ್ಣುಗಳನ್ನು ನೋಡಿ ಪ್ರಭಾ ಅದನ್ನು ತಾನೇ ತಿಳಿದುಕೊಂಡಳು.

ಈಗ ಆ ಚರಿತ್ರೆ ಮುಗಿಯಲಿತ್ತು. ಬರುವ ಮೇ ತಿಂಗಳಿಗೆ, ಅಂದರೆ ಎಂಬತ್ತಾರನೆಯ ಇಸವಿಯ ಆಟಗಳು ಮುಗಿದೊಡನೆ, ತಂಡವನ್ನು ನಿಲ್ಲಿಸುವುದೆಂದು ಯೂನಿವರ್ಸಿಟಿಯ ಹಿರಿಯರು ತೀರ್ಮಾನಿಸಿದ್ದರು. ಮೈದಾನ ಕಾರು ನಿಲ್ಲಿಸುವ ಜಾಗವಾಗುತ್ತದೆ. ನೆನಪಿಗೆಂದು ಕೋಚ್ ಒಂದು ಪುಸ್ತಕ ಬರೆದಿದ್ದರು. ಹೋದ ವರ್ಷದ ತನಕ ಆಡಿದ ಎಲ್ಲ ಆಟಗಳು, ಎಲ್ಲ ಹುಡುಗರು. ಅಷ್ಟು ಹೇಳಿ ಅವರು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೂಂ ಅಂದ್ನೆಲ್ಲ, ಮುಂದ ಹೇಳಂತ ಹೇಳ," ಎಂದಳು ಕಾಶವ್ವ. "ಯಾಕ ಚಾದ ಕಪ್ಪಿನ್ಯಾಗ ಮಾರಿ ನೋಡ್ಕೊಂತ ಕುಂತಾನ ಇಂವಾ?"

"ತಡೀ ಅವ್ವಾ. ಅವರಿಗೆ ಹೇಳಾಕ ಬಾಯಿ ಬರವಲ್ದು."

ಅವರು ಹೇಳಲು ಬಂದದ್ದು ಮಹಾಂತೇಶನ ಬಗ್ಗೆ.

ಪ್ರಭಾಳ ಮಗ ಮಹಾಂತೇಶ ಹುಟ್ಟಿದ್ದು ಗದಗಿನಲ್ಲಿ, ಬೆಳೆದದ್ದು ಇಲ್ಲಿ. ಅಜ್ಜಿಗೆ ಮಾಂತೂ, ತಂಡಕ್ಕೆ ಮಾಂಟಿ. ಅಜ್ಜಿ ಊರಿನಿಂದ ಬಂದ ಹೊಸತರಲ್ಲಿ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದು ಅವನಿಗೆ ಕಲಿಸಿದ್ದಳು. ಅವನು ಟೀವಿಯ ಮುಂದೆ ಕೂರಿಸಿ ಅವಳಿಗೆ ಬೇಸ್‌ಬಾಲ್ ಕಲಿಸಿದ. "ಇದು ನಮ್ಮ ಚೌಕಾಬಾರನ ಬಿಡೋ," ಎಂದು ಅವಳು ನಕ್ಕಿದ್ದಳು. "ಕವಡಿ ಬಿಟ್ಟು ಬಡಿಗಿ ಹಿಡದಾರ, ಅಷ್ಟ." ಓಡಿದವನು ಮನೆ ಮುಟ್ಟಿದರೆ "ಕಾಯಿ ಹಣ್ಣಾತು!" ಎಂದು ಸೋಫಾದ ಮೇಲೆ ಕೈ ಬಡಿಯುತ್ತಿದ್ದಳು.

ಯೂನಿವರ್ಸಿಟಿ ತಂಡದಲ್ಲಿ ಅವನು ಹೆಚ್ಚಾಗಿ ಬೆಂಚಿನ ಮೇಲೆ ಕೂತವನು. ಹೋದ ವರ್ಷದ ಏಪ್ರಿಲಿನಲ್ಲಿ, ಮೊದಲ ಸಲ, ಕೋಚ್ ಅವನನ್ನು ಆಟಕ್ಕಿಳಿಸಿದರು. ಎರಡೂ ತಂಡ ಸರಿಸಮ, ಕೊನೆಯ ಸುತ್ತು, ಇವರ ಕಡೆಯ ಒಬ್ಬ ಮನೆ ಮುಟ್ಟಿದರೆ ಗೆದ್ದು ಆಟ ಮುಗಿಯಿತು. ಅವನು ಹೊಡೆದ ಚೆಂಡು ಬೇಲಿಯ ತನಕ ಉರುಳಿತು. ಒಂದೇ ಉಸಿರಿಗೆ ಓಡಿ ಅವನು ಮೂರನೆಯ ದಿಂಬಿನ ಮೇಲೆ ನಿಂತ. ಅಷ್ಟರಲ್ಲಿ ಕೊಲ್ಲಿಯಿಂದ ಮಂಜು ಏರಿ ಬಂತು. ಮೈದಾನಕ್ಕೆ ದೀಪಗಳಿರಲಿಲ್ಲ. ಮತ್ತೊಂದು ದಿನ ಇಲ್ಲಿಂದಲೇ ಮುಂದುವರಿಸೋಣ ಎಂದು ಅಂಪೈರ್ ಆಟ ನಿಲ್ಲಿಸಿದ.

ಅವತ್ತು ಊಟದ ಮೇಜಿನಲ್ಲಿ ಅವನು ಕುರ್ಚಿಯ ಮೇಲೆ ಒಂದು ಕಾಲಿಟ್ಟು, ಓಡಲು ಸಿದ್ಧನಾದವನಂತೆ ಬಗ್ಗಿ, "ಅಮ್ಮಾ, ಐ ಯಾಮ್ ಸ್ಟಿಲ್ ಆನ್ ಥರ್ಡ್!" ಎಂದಿದ್ದ. "ಮೊದಲ ಕಾಲು ಇಳಿಸಿ ಊಟ ಮಾಡು. ಕೆಮಿಸ್ಟ್ರಿ ಪರೀಕ್ಷೆ ಯಾವಾಗ?" ಎಂದಿದ್ದಳು ಪ್ರಭಾ. ಅವನ ಒಂದು ಆಟಕ್ಕೂ ಅವಳು ಹೋಗಿರಲಿಲ್ಲ. ಅದೇ ವಾರ ನಿಮಿಟ್ಜ್ ಫ್ರೀವೇಯಲ್ಲಿ, ಕ್ಲಾಸಿಗೆ ಹೋಗುವಾಗ, ಅವನ ಕಾರು ಒಂದು ಲಾರಿಯ ಕೆಳಗೆ ಹೋಯಿತು.

ಮೊಮ್ಮಗನಿಗೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಬೇಕೆಂದು ಕಾಶವ್ವ ಹಟ ಹಿಡಿದಿದ್ದಳು. ಇಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದರು. "ಕುಂದ್ರಸಲಿಲ್ಲವಾ ಅವನ್ನ," ಎಂದು ಆಕೆ ಈಗಲೂ ಒಮ್ಮೊಮ್ಮೆ ಗೋಡೆಗೆ ಹೇಳುತ್ತಾಳೆ.

ಮಣ್ಣಾದ ಕೆಲವು ವಾರಗಳಿಗೆ ಕೋಚ್ ಇದೇ ಅಡುಗೆಕೋಣೆಗೆ ಬಂದಿದ್ದರು. ಆಟ ಅರ್ಧಕ್ಕೆ ನಿಂತಿದೆ. ಮಾಂಟಿಯ ಬದಲಿಗೆ ಬೇರೊಬ್ಬನನ್ನು ಮೂರನೆಯ ದಿಂಬಿನ ಮೇಲೆ ನಿಲ್ಲಿಸಿ ಮುಗಿಸಬಹುದು, ನಿಯಮವಿದೆ, ಆದರೆ ನಿಮ್ಮನ್ನು ಕೇಳದೆ ಹೇಗೆ ಮಾಡಲಿ? ಪ್ರಭಾ ಅವ್ವನ ಕಡೆ ನೋಡಿದ್ದಳು. "ಎದ್ದು ಹ್ವಾದವರ ಕಾಯಿ ಹೆರವರು ನಡಸಬಾರದು," ಎಂದಿದ್ದಳು ಕಾಶವ್ವ. "ಇದ್ದಲ್ಲೇ ಇರಲಿ." ಚೌಕಾಬಾರದಲ್ಲಿ ಹಾಗೆಯೇ. ಆಡುವವರು ನಡುವೆ ಎದ್ದರೆ ಮನೆಗಳ ಮೇಲೆ ಮೊರ ಮುಚ್ಚಿಡುತ್ತಾರೆ, ಯಾರೂ ಕೈಹಾಕುವುದಿಲ್ಲ. ಪ್ರಭಾಳಿಗೂ ಅದೇ ಸರಿಯೆನಿಸಿತ್ತು. ಆಟ ಮುಗಿಯದಿದ್ದರೆ ಆ ದಿಂಬಿನ ಮೇಲೆ ಅವನು ನಿಂತೇ ಇರುತ್ತಾನೆ. ಬೇಡ ಎಂದು ಅವಳೇ ಇಂಗ್ಲಿಷಿನಲ್ಲಿ ಹೇಳಿದ್ದಳು. ಕೋಚ್ ಟೋಪಿ ತೆಗೆದು ಎದೆಗೆ ಹಿಡಿದು ಹೋಗಿದ್ದರು.

ಈಗ ಅವರು ಮೆಲ್ಲನೆ ಹೇಳಿದರು: ಮುಗಿಯದ ಆಟ ಲೆಕ್ಕಕ್ಕಿಲ್ಲ. ಪುಸ್ತಕದಲ್ಲಿ ಆ ಆಟ ಇರುವುದಿಲ್ಲ. ಆ ದಿನ ಯಾರು ಹೊಡೆದರೂ, ಎಷ್ಟು ಓಡಿದರೂ, ಅದೆಲ್ಲ ಆಗದೇ ಇದ್ದಂತೆ. ನಾನು ಎಲ್ಲರ ಹತ್ತಿರ ಬೇಡಿಕೊಂಡೆ. ಮಾಂಟಿಯ ಹೆಸರಿರುತ್ತದೆ, ಆದರೆ ಮುಂದೆ ಬರಿಯ ಸೊನ್ನೆ. ಅಚ್ಚಾದ ಮೇಲೆ ನೀವು ನೋಡುವುದು ಬೇಡವೆಂದು ನಾನೇ ಬಂದೆ.

ಪ್ರಭಾ ಇದನ್ನು ಕನ್ನಡ ಮಾಡಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಸುಟ್ಟ ವಾಸನೆ ಬಂದರೂ ಏಳಲಿಲ್ಲ.

"ಏನಂದಾ?"

"ಅವ ಆ ದಿನ ಆಡೇ ಇಲ್ಲಂತ ಅವ್ವಾ. ನಾವು ಬ್ಯಾಡ ಅಂದ್ವೆಲ್ಲ, ಅದಕ್ಕ."

ಕಾಶವ್ವ ಕುರ್ಚಿಯನ್ನು ಎಳೆದುಕೊಂಡು ಕೋಚರ ಎದುರಿಗೆ ಬಂದು ಕೂತು, ಅಂಗೈ ಚಾಚಿದಳು. ಅವರು ಅದನ್ನು ಸಮಾಧಾನದ ಕೈಯೆಂದುಕೊಂಡು ತಮ್ಮ ದೊಡ್ಡ ಕೈಯನ್ನು ಅದರ ಮೇಲಿಟ್ಟರು. ಅವಳು ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಳು.

"ಆಟ ಮುಗಸ್ತೀನಿ ಅಂತ ಕೈಮ್ಯಾಲ ಕೈ ಇಟ್ಟಾನ ನೋಡು. ಹೇಳ ಅವಂಗ."

"ಅವ್ವಾ, ಅವರಿಗೆ ಏನ್ ಗೊತ್ತು ಇದೆಲ್ಲ…"

"ಹೇಳ."

ಪ್ರಭಾ ಹೇಳಿದಳು. ಕೈ ಮೇಲೆ ಕೈ ಇಟ್ಟರೆ ನಮ್ಮಲ್ಲಿ ಮಾತು ಕೊಟ್ಟಂತೆ, ನೀವು ಕೊಟ್ಟುಬಿಟ್ಟಿದ್ದೀರಿ. ಕೋಚ್ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪುಸ್ತಕ ಅಚ್ಚಿಗೆ ಹೋಗಿಯಾಗಿದೆ, ಇನ್ನು ಏನು ಮಾಡಿದರೂ ಅದರಲ್ಲಿ ಬರುವುದಿಲ್ಲ, ಎಂದರು. ಯಾರನ್ನು ನಿಲ್ಲಿಸಲಿ, ಎಂದೂ ಕೇಳಿದರು.

"ಹೆರವರು ಮುಟ್ಟಬಾರದು," ಎಂದಳು ಕಾಶವ್ವ, ಮಗಳನ್ನು ನೋಡದೆಯೇ. "ಹಡದಾಕಿ ಮುಟ್ಟಬೌದು."

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವರು ಹೊರಟರು. ಪ್ರಭಾಳ ಗಂಡ ಶ್ರೀಕಂಠ ಮೈಸೂರಿನವನು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಮಗ ಹೋದಮೇಲೆ ಶನಿವಾರವೂ ಅಲ್ಲೇ ಇರುತ್ತಿದ್ದ. ಕಾರಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಇದೆಲ್ಲ ಯಾಕೆ ಪ್ರಭಾ? ಯಾವ ರೆಕಾರ್ಡಲ್ಲೂ ಬರಲ್ಲ ಅಂತ ಅವರೇ ಹೇಳಿದಾರಲ್ಲ."

"ಗೊತ್ತು ರೀ."

"ಮತ್ತೆ?"

"ನೀವು ಕಾರು ತೆಗೀರಿ."

ಮೈದಾನದ ಹುಲ್ಲು ಆಗಲೇ ಹಳದಿಗೆ ತಿರುಗಿತ್ತು. ಅಳತೆಯವರು ಅಲ್ಲಲ್ಲಿ ಗೂಟ ನೆಟ್ಟು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿ ಹೋಗಿದ್ದರು. ಎದುರು ತಂಡದ ಹುಡುಗರು ವ್ಯಾನಿನಲ್ಲಿ ಬಂದಿದ್ದರು. ಅವರ ಆಟಗಳೂ ಮುಗಿದಿದ್ದವು, ಬರಬೇಕೆಂದೇನೂ ಇರಲಿಲ್ಲ. ಅವರ ಸಂಖ್ಯೆ ಸಾಲದೆ ಇಲ್ಲಿಯವರೇ ಒಂದಿಬ್ಬರು ಅವರ ಕಡೆ ನಿಂತರು. ಅಂಪೈರ್ ಸಿಕ್ಕಿರಲಿಲ್ಲ. ಕೋಚ್ ಸಿಲ್ವೇರಾ ತಾವೇ ಕಪ್ಪು ಅಂಗಿ ತೊಟ್ಟು ಮನೆಯ ಹಲಗೆಯ ಹಿಂದೆ ನಿಂತರು. ಕಾಶವ್ವನಿಗೆ ಮಡಿಸುವ ಕುರ್ಚಿ ಹಾಕಿಕೊಟ್ಟರು. ಶ್ರೀಕಂಠ ಕಾರಿನಿಂದ ಇಳಿಯಲಿಲ್ಲ.

ಪ್ರಭಾ ಸೆರಗನ್ನು ಸೊಂಟಕ್ಕೆ ಬಿಗಿದು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಮೂರನೆಯ ದಿಂಬಿನ ಮೇಲೆ ನಿಂತಳು. ಕಾಲಡಿಯ ದಿಂಬು ಅವಳು ಅಂದುಕೊಂಡಷ್ಟು ಮೆತ್ತಗಿರಲಿಲ್ಲ. ಇಲ್ಲಿಂದ ಕೊಲ್ಲಿಯ ನೀರು ಒಂದು ಗೆರೆಯಾಗಿ ಕಾಣುತ್ತದೆಂದು ಅವನು ಹೇಳಿರಲಿಲ್ಲ. ಹೇಳಿದ್ದನೋ ಏನೋ, ತಾನು ಕೇಳಿಸಿಕೊಂಡಿರಲಿಲ್ಲವೋ ಏನೋ.

ಅಂದು ಆಟ ನಿಂತಾಗ ಹೊಡೆಯಲು ಸಿದ್ಧನಾಗಿದ್ದವನು ಟೋನಿ. ಈಗಲೂ ಅವನೇ ಬ್ಯಾಟು ಹಿಡಿದ. ಅಂದೇ ಒಬ್ಬ ಔಟಾಗಿದ್ದ. ಇನ್ನಿಬ್ಬರು ಔಟಾದರೆ ಈ ಸುತ್ತು ಮುಗಿಯಿತು, ದಿಂಬಿನ ಮೇಲಿದ್ದವನು ಅಲ್ಲೇ ಉಳಿದ ಹಾಗೆ. ಮೂರನೆಯ ಎಸೆತಕ್ಕೆ ಟೋನಿ ಬೀಸಿದ. ಚೆಂಡು ನೆಲ ಹಿಡಿದು ಎರಡನೆಯ ದಿಂಬಿನ ಕಡೆ ಓಡಿತು.

"ಗೋ, ಮಾಂಟೀಸ್ ಮಾಮ್! ಗೋ!"

ಪ್ರಭಾಳ ಕಾಲು ಏಳಲಿಲ್ಲ. ಓಡಿಬಿಟ್ಟರೆ ಇಲ್ಲಿ ಯಾರೂ ಇರುವುದಿಲ್ಲ. ಒಂದು ವರ್ಷದಿಂದ ಅವನು ಎಲ್ಲಿದ್ದಾನೆಂದು ಕೇಳಿದರೆ ಅವಳಿಗೆ ಗೊತ್ತಿದ್ದುದು ಇದೊಂದೇ ಜಾಗ. ಪೆಟ್ಟಿಗೆಯಲ್ಲಲ್ಲ, ಸ್ಮಶಾನದ ಹುಲ್ಲಿನಡಿಯಲ್ಲಲ್ಲ. ಇಲ್ಲಿ, ಬಗ್ಗಿ, ಮೊಣಕಾಲ ಮೇಲೆ ಕೈಯಿಟ್ಟು. ಅವಳು ನಿಂತೇ ಇದ್ದಳು. ಚೆಂಡು ಹಿಡಿದ ಹುಡುಗ ಒಂದು ಗಳಿಗೆ ಅವಳನ್ನು ನೋಡಿ, ಬೇರೆ ದಾರಿ ಕಾಣದೆ, ಅದನ್ನು ಮೊದಲ ದಿಂಬಿಗೆ ಎಸೆದ. ಟೋನಿ ಔಟಾದ. ಬ್ಯಾಟನ್ನು ನೆಲಕ್ಕೆ ಬಡಿಯಲು ಎತ್ತಿದವನು ಬಡಿಯದೆ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಇನ್ನೊಬ್ಬ ಮಾತ್ರ ಉಳಿದಿದ್ದ, ಉದ್ದನೆಯ ಕೆಂಪುಗೂದಲ ಹುಡುಗ. ಅವನು ಶರ್ಟಿಗೆ ಅಂಗೈ ಒರೆಸಿಕೊಳ್ಳುತ್ತಲೇ ಇದ್ದ. ಕೋಚ್ ಆಟ ಶುರುಮಾಡಿಸದೆ ಪ್ರಭಾಳ ಕಡೆ ನೋಡಿದರು. ಕರೆಯಲಿಲ್ಲ, ಕೈ ಮಾಡಲಿಲ್ಲ.

ಕಾಶವ್ವ ಕುರ್ಚಿಯ ಹಿಡಿಕೆ ಹಿಡಿದು ಎದ್ದು ನಿಂತಳು.

"ಏ ಪ್ರಭಾ! ಎಷ್ಟೊತ್ತಂತ ನಿಂದರ್ತಾನ ಅಂವಾ? ಕಾಲು ನೋಯ್ತಾವಲ್ಲ ನನ್ನ ಕೂಸಿಗೆ! ಕರಕೊಂಡ್ ಬಾರಽ ಮನೀಗಿ!"

ಹುಡುಗರಾರಿಗೂ ತಿಳಿಯದ ಮಾತು ಮೈದಾನದ ತುಂಬ ಹರಡಿತು. ಕಾರಿನ ಬಾಗಿಲು ತೆಗೆದ ಸದ್ದಾಯಿತು. ಶ್ರೀಕಂಠ ಬೇಲಿಯ ತನಕ ಬಂದು ತಂತಿಯ ಕಣ್ಣುಗಳಲ್ಲಿ ಬೆರಳು ಸಿಕ್ಕಿಸಿ ನಿಂತ.

ಮೊದಲನೆಯ ಚೆಂಡಿಗೇ ಹುಡುಗ ಹೊಡೆದ. ಅದು ಎಲ್ಲಿ ಹೋಯಿತೆಂದು ಪ್ರಭಾ ನೋಡಲಿಲ್ಲ. ಬಲಗಾಲು ದಿಂಬನ್ನು ಬಿಟ್ಟಿತು. ಆಮೇಲೆ ಎಡಗಾಲು. ಸೀರೆ ಮೊಣಕಾಲಿಗೆ ಸುತ್ತಿಕೊಂಡು ಒಮ್ಮೆ ಮುಗ್ಗರಿಸಿದಳು. ಅಂಗೈ ಮಣ್ಣಿಗೂರಿ ಎದ್ದಳು. ಬಾಯಿ ತೆರೆದು ಓಡುತ್ತಿದ್ದಳು, ಅಳುತ್ತಿದ್ದಳೋ ಏದುತ್ತಿದ್ದಳೋ ನೋಡುವವರಿಗೆ ತಿಳಿಯುವಂತಿರಲಿಲ್ಲ. ಹಿಂದಿನಿಂದ ಯಾರೂ ಚೆಂಡು ಎಸೆಯಲಿಲ್ಲ. ಹುಡುಗರೆಲ್ಲ ಟೋಪಿ ತೆಗೆದಿದ್ದರು. ಬಿಳಿ ಹಲಗೆ ಹತ್ತಿರ ಬಂತು, ಅದರ ಮೇಲೆ ಕಾಲಿಟ್ಟಳು, ಮತ್ತು ಅಲ್ಲಿಯೇ ನಿಂತುಬಿಟ್ಟಳು.

ಕೋಚ್ ಸಿಲ್ವೇರಾ ಎರಡೂ ಕೈಗಳನ್ನು ಅಗಲಿಸಿ, ಮನೆ ಸೇರಿದ್ದಾಯಿತು, ಆಟ ಮುಗಿಯಿತೆಂದು ತೋರಿಸಿದರು. ಆಮೇಲೆ ಜೇಬಿನಿಂದ ಒಂದು ಚಿಕ್ಕ ಬ್ರಶ್ಶು ತೆಗೆದು, ನೋಯುವ ಮೊಣಕಾಲೂರಿ ಕೂತು, ಹಲಗೆಯ ಮೇಲಿನ ಕೆಂಪು ಧೂಳನ್ನು ಗುಡಿಸತೊಡಗಿದರು. ಪ್ರಭಾ ಕಾಲು ತೆಗೆಯಲಿಲ್ಲ. ಅವರೂ ತೆಗೆಯೆನ್ನಲಿಲ್ಲ, ಅವಳ ಶೂವಿನ ಸುತ್ತಲೂ, ತುದಿಯಿಂದ ಹಿಮ್ಮಡಿಯ ತನಕ, ಮೆಲ್ಲಗೆ ಗುಡಿಸಿದರು.