ಉಬ್ಬಸದ ಗೊಬ್ಬರ

ಹೊನ್ನವಳ್ಳಿ ಪಕ್ಕದ ಗೊರಚಲು ನೆಲದಲ್ಲಿ ಅಕ್ಕ ಶಿವರುದ್ರಮ್ಮನನ್ನು ಈರಣ್ಣ ಕೂರಿಸಿ ಮಣ್ಣು ಮಾಡಿ ಎರಡು ವರ್ಷ ಕಳೆದಿತ್ತು. ನನ್ನ ತಲೆದೆಸೆಗೊಂದು ತೆಂಗು ನೆಡು ಅಂತ ಅವಳೇ ಹೇಳಿ ಹೋಗಿದ್ದಳು. ಮೊದಲು ನೆಟ್ಟ ಎರಡು ಸಸಿಯೂ ಒಣಗಿದವು. ಮೂರನೆಯದು ಹಳದಿಗಟ್ಟಿತ್ತು. ಮೂರು ಸಸಿ ಒಣಗಿದ ಗುಂಡಿಗೆ ನಾಲ್ಕನೆಯದನ್ನು ಯಾರೂ ಇಡುವುದಿಲ್ಲ. ಸತ್ತವರಿಗೇ ಬೇಡವಾಗಿದೆ ಅಂತ ಅದರರ್ಥ, ಅನ್ನುತ್ತಿದ್ದರು ಹಿರಿಯರು.

ಗ್ರಾಮಸೇವಕ ತೋಂಟದಾರ್ಯ ಸೈಕಲ್ಲಿಳಿದು ನೆಲ ಕೆದರಿ ನೋಡಿದ. ಅವನದು ರೇಡಿಯೊ ದನಿ, 'ರೈತ ಬಾಂಧವರೇ' ಅನ್ನದೆ ಕುಡಿಯಲು ನೀರೂ ಕೇಳಲಾರ. ಮಣ್ಣಿನಲ್ಲಿ ಸಾರವಿಲ್ಲ, ಸೊಪ್ಪು ಕೊಳೆಸಿ ಹಾಕು ಅಂದ. ಸೊಪ್ಪೆಲ್ಲಿದೆ ಅಂದರೆ, ಸುತ್ತ ಸೊಂಟದೆತ್ತರ ನಿಂತಿದ್ದ ಕಾಂಗ್ರೆಸ್ ಗಿಡ ತೋರಿಸಿದ. ಯಾರ ಓಟೂ ಕೇಳದೆ ಐದಾರು ವರ್ಷದಲ್ಲಿ ಸೀಮೆಯನ್ನೆಲ್ಲ ಗೆದ್ದು ಕೂತ ಕಳೆ ಅದು. ಹೂ ಬಿಡುವ ಮುಂಚೆ ಕೊಯ್ದು, ಸಗಣಿನೀರು ಚಿಮುಕಿಸಿ ಒಟ್ಟಬೇಕು, ಎರಡು ಸಲ ತಿರುವಿ ಹಾಕಬೇಕು, ನಾಲ್ಕನೆಯ ತಿಂಗಳು ಬಿಚ್ಚಿ ಬುಡಕ್ಕೆ ಕೊಡಬೇಕು ಅಂದ.

ಅಕ್ಕನ ಉಸಿರು ಕಟ್ಟಿಸಿದ್ದೇ ಆ ಗಿಡದ ಹೂವಿನ ಧೂಳು. ಅವಳ ಉಬ್ಬಸ ಮೂರು ಸಲ ಗೊರ್ ಅಂದು, ತಡೆದು, ಒಂದು ಸಲ ಸಿಳ್ಳೆ ಹಾಕುತ್ತಿತ್ತು. ಊರವರ ದನಿಯನ್ನೆಲ್ಲ ಅಣಕಿಸುವ ಈರಣ್ಣ ಅದನ್ನೂ ಅಣಕಿಸಿ ಅವಳನ್ನು ನಗಿಸುತ್ತಿದ್ದ. ನನ್ನುಸಿರನ್ನೂ ಕದ್ಯಲ್ಲೋ ಮುಂಡೇದೆ, ಅನ್ನುತ್ತಿದ್ದಳು. ಅವಳು ಹೋದ ಮೇಲೆ ಎಷ್ಟು ಹೆಣಗಿದರೂ ಅದೊಂದು ಅವನ ಗಂಟಲಿಗೆ ಬರಲಿಲ್ಲ.

ಕೈಗೆ ಗೋಣಿ ಸುತ್ತಿಕೊಂಡು ಕೊಯ್ದ. ಎದೆಯೆತ್ತರ ಒಟ್ಟಿದ. ವಾರದೊಳಗೆ ಹಾರೆ ಚುಚ್ಚಿ ತೆಗೆದರೆ ಮುಟ್ಟಲಾಗದಷ್ಟು ಬಿಸಿ. ಚಳಿಯ ಬೆಳಗಿನಲ್ಲಿ ಗುಡ್ಡೆ ಹಬೆಯಾಡಿತು. ಎರಡನೆಯ ಸಲ ತಿರುವಿ ಮುಚ್ಚಿದ ಮೇಲೆ, ಒಂದು ಮುಂಜಾನೆ, ಹಾರೆಯ ತೂತಿನಿಂದ ಸದ್ದು ಬಂತು. ಮೂರು ಗೊರ್. ತಡೆದು, ಒಂದು ಸಿಳ್ಳೆ.

ಅಂದಿನಿಂದ ದಿನಾ ಬೆಳಿಗ್ಗೆ ಅಲ್ಲಿ ಹೋಗಿ ಕೂತ. ಬಿಚ್ಚುವ ತಿಂಗಳು ಬಂತು, ಹೋಯಿತು. ಸಸಿಯಲ್ಲಿ ಸುಳಿಯೊಂದೇ ಹಸಿರು ಉಳಿಯಿತು.

ತೋಂಟದಾರ್ಯ ಬಂದು ಬೈದ. ಸದ್ದಿನ ವಿಷಯ ಹೇಳಿದರೆ, ಕೊಳೆಯುವಾಗ ಗಾಳಿ ಹೊರಡುತ್ತೆ, ಮಾತಲ್ಲಿ ತಿಪ್ಪೆ ಸಾರಿಸಬೇಡ ಅಂತ ನಕ್ಕ. ಹಾರೆ ಚುಚ್ಚಿ ಎಳೆದು ಹಿಡಿದವನ ನಗು ನಿಂತಿತು. ಹಣ್ಣಾದ ಗೊಬ್ಬರ ತಣ್ಣಗಿರಬೇಕು. ಹಾರೆ ಜ್ವರದ ಹಣೆಯಷ್ಟೇ ಬೆಚ್ಚಗಿತ್ತು. ಬಗ್ಗಿ ಕಿವಿಯಿಟ್ಟ. ಎದ್ದಾಗ ಅವನ ದನಿಯಲ್ಲಿ ರೇಡಿಯೊ ಇರಲಿಲ್ಲ.

"ಬಿಚ್ಚು ಕಣಪ್ಪ, ನಾನಿರೋವಾಗ್ಲೇ ಬಿಚ್ಚು."

"ಬಿಚ್ಚಿದ್ರೆ ನಿಂತೋಯ್ತದೆ ಸಾ."

"ಬಿಚ್ಚದಿದ್ರೆ ಸುಳಿ ಒಣಗ್ತದೆ. ಆಮೇಲೆ ಇನ್ನೊಂದ್ ನೆಡ್ತೀಯಾ ನೀನು?"

ಈರಣ್ಣ ಸಸಿಯ ಕಡೆ ನೋಡಿದ. ಗುದ್ದಲಿ ತಂದ.

ಹೊರಪದರ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆಯೊಂದಿಗೆ ಉದುರಿತು. ಒಂದೂವರೆ ಮಂಕರಿಯಾಯಿತು. ಅದರೊಳಗೊಂದು ಪೊಟರೆ. ಗೋಡೆಗೆಲ್ಲ ವಿಭೂತಿ ಬಳಿದಂತೆ ಬಿಳೀ ಬೂಷ್ಟು. ಚಕ್ಕಳಮಕ್ಕಳ ಹಾಕಿದ ಒಬ್ಬ ಹೆಂಗಸು ಕೂರುವಷ್ಟೇ ಜಾಗ, ತಲೆ ತಾಗುವಷ್ಟೇ ಎತ್ತರ. ಒಳಗೆ ಉಸಿರು ಆಡುತ್ತಲೇ ಇತ್ತು.

ತೋಂಟದಾರ್ಯ ಸೈಕಲ್ಲಿನ ತನಕ ಹಿಂದೆ ಸರಿದ. ಸಸಿಗೆ ನಾಲ್ಕು ಮಂಕರಿ ಬೇಕು ಅಂತ ಅವನೇ ಹೇಳಿದ್ದ. ಉಳಿದ ಗೊಬ್ಬರವೆಲ್ಲ ಆ ಗೋಡೆಯಲ್ಲೇ ಇತ್ತು.

ಈರಣ್ಣ ಗುದ್ದಲಿ ಹಿಡಿದು ಪೊಟರೆಯ ಬಾಯಿಗೆ ಬಗ್ಗಿದ. ಆಮೇಲೆ, ಜಗಲಿ ಗುಡಿಸುವವರು ಅಲ್ಲಿ ಕೂತವರಿಗೆ ಅನ್ನುವ ಹಾಗೆ, ಮೆಲ್ಲಗೆ ಅಂದ:

"ಅಕ್ಕಾ, ಒಸಿ ಸರ್ಕೊ."

ಗುದ್ದಲಿ ಇನ್ನೂ ಎತ್ತಿರಲಿಲ್ಲ. ಗೋಡೆ ತಾನಾಗಿ ಒಳಕ್ಕೆ ಕುಸಿಯಿತು. ಸದ್ದು ನಿಂತಿತು.

ಈರಣ್ಣ ಮಂಕರಿ ತುಂಬತೊಡಗಿದ.