ಗಂಗಾಧರಯ್ಯನವರು ಕೊನೆಗೆ ಉಂಡದ್ದೆಲ್ಲಿ

ಒಂದು ಚಪ್ಪಲಿ ಕಳಚಿ ಇನ್ನೊಂದನ್ನು ಕಳಚುವಷ್ಟರಲ್ಲಿ ಆ ಪ್ರಶ್ನೆ ರೇಣುಕವ್ವನ ಕಿವಿಗೆ ಬಿತ್ತು.

"ಕೊನೆಗೆ ಏನ್ ತಿಂದ್ರಂತೆ?"

ಕೇಳಿದವರು ಯಾರೆಂದು ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಎಡಗಾಲಿನ ಚಪ್ಪಲಿ ಹೆಬ್ಬೆರಳಿಗೆ ಸಿಕ್ಕಿಕೊಂಡಿತ್ತು. ಹಾಗೆಯೇ ಒಂಟಿಗಾಲಿನಲ್ಲಿ ಕಾಂಪೌಂಡಿನ ಗೋಡೆ ಹಿಡಿದು ನಿಂತಳು. ಸಾವಿನ ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವ ಮಾತು ಅದು. ಕೇಳಿದವರಿಗೆ ಉತ್ತರವೂ ಬೇಕಾಗಿರುವುದಿಲ್ಲ. ಆದರೆ ಸತ್ತವರು ಗಂಗಾಧರಯ್ಯನವರಾದ್ದರಿಂದ ಕೋಣನಕುಂಟೆಯ ಆ ಶಾಮಿಯಾನದ ಕೆಳಗೆ ಎಲ್ಲರೂ ಉತ್ತರಕ್ಕೆ ಕಾದಿದ್ದರು.

ಹೊಲ ಹೋಗಿ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದ ಮೇಲೆ ಗಂಗಾಧರಯ್ಯನವರಿಗೆ ಉಳಿದಿದ್ದ ಕಸುಬು ಒಂದೇ: ಹೋಟೆಲುಗಳಲ್ಲಿ ಉಣ್ಣುವುದು, ಊರಿಗೆ ಹೊಸದಾಗಿ ಬಂದವರಿಗೆ ಎಲ್ಲಿ ಉಣ್ಣಬೇಕೆಂದು ಹೇಳುವುದು. ಬಾಡಿಗೆದಾರರ ನೆಂಟರು, ಆಸ್ಪತ್ರೆಗೆಂದು ಬಂದವರು, ಪರೀಕ್ಷೆ ಬರೆಯಲು ಬಂದವರು, ಯಾರು ಕೇಳಿದರೂ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆದುಕೊಡುತ್ತಿದ್ದರು. 'ಬನಶಂಕರಿ ಗುಡಿಯ ಹಿಂದಿನ ಖಾಲಿ ದೋಸೆ, ಎಂಟು ಗಂಟೆಯೊಳಗೆ. ಸಿದ್ದಾಪುರದ ಬಿರಿಯಾನಿ, ಭಾನುವಾರ ಬೇಡ. ಚಿಕ್ಕಲಸಂದ್ರದಲ್ಲಿ ಕೆಂಪರಾಜುವಿನ ತಟ್ಟೆ ಇಡ್ಲಿ; ಸಾಂಬಾರ್ ಕೇಳಬೇಡಿ, ಚಟ್ನಿ ಎರಡು ಸಲ ಕೇಳಿ.' ಮಗಳು ಲತಾಮಣಿ, ಶಾಲೆಯ ಟೀಚರು, ಆ ಹಾಳೆಗಳ ಫೋಟೋ ತೆಗೆದು ಫೋನಿನಲ್ಲಿ 'ಅಪ್ಪನ ಹಾಳೆ' ಎಂಬ ಪುಟ ತೆರೆದಿದ್ದಳು. ಈಗ ನಲವತ್ತು ಸಾವಿರ ಜನ ಅದನ್ನು ನೋಡಿಕೊಂಡು ಊಟಕ್ಕೆ ಹೊರಡುತ್ತಿದ್ದರು. ಬಿ.ಟಿ.ಎಂ. ಲೇಔಟಿನ ಹಿಂದಿನ ಓಣಿಯಲ್ಲಿ ಬೋರ್ಡು ಕೂಡ ಇಲ್ಲದ ರೇಣುಕವ್ವನ ರೊಟ್ಟಿ ಖಾನಾವಳಿಗೆ ಜನ ವಿಳಾಸ ಕೇಳಿಕೊಂಡು ಬರುತ್ತಿದ್ದುದೂ ಆ ಹಾಳೆಯ ದೆಸೆಯಿಂದಲೇ.

ಅವರು ಕೊನೆಗೆ ಉಂಡದ್ದೆಲ್ಲಿ ಎಂಬುದು ಅಷ್ಟು ಜನರಲ್ಲಿ ರೇಣುಕವ್ವನೊಬ್ಬಳಿಗೇ ಗೊತ್ತಿತ್ತು.

*

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಖಾನಾವಳಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೆಂಚುಗಳನ್ನು ಒರೆಸಿ, ಒಲೆ ಆರಿಸಿ, ಅವಳು ಕಾಲು ಚಾಚಿ ಕುಳಿತಿದ್ದಾಗ ಬಾಗಿಲಲ್ಲಿ ಹಳೆಯ ಸ್ಕೂಟರಿನ ಸದ್ದಾಯಿತು.

"ಏನಮ್ಮಾ, ಮುಗಿಸಿಬಿಟ್ಯಾ? ಹಸ್ಕೊಂಡ್ ಬಂದೋರನ್ನ ವಾಪಸ್ ಕಳಿಸ್ತೀಯಾ?"

"ಅಯ್ಯ, ಬರ್ರಿ ಯಜಮಾನ್ರ. ನಿಮಗ ಇಲ್ಲಾ ಅಂದ್ರ ಒಲಿ ಮುಂದ ಕುಂಡ್ರಾಕ ನನಗ ಮಾರಿ ಐತೇನ್ರೀ?"

ರೊಟ್ಟಿ ಇತ್ತು, ಪಲ್ಯ ಇರಲಿಲ್ಲ. ಮೂಲೆಯಲ್ಲಿ, ಮುಚ್ಚಳದ ಕೆಳಗೆ, ಹಿಂದಿನ ದಿನದ ಎಣ್ಣೆಗಾಯಿ ಬದನೆ ಎರಡು ಸೌಟಿನಷ್ಟು ಉಳಿದಿತ್ತು. ಚೆಲ್ಲಬೇಕೆಂದುಕೊಂಡದ್ದು, ಕೆಲಸದ ಗಡಿಬಿಡಿಯಲ್ಲಿ ಹಾಗೆಯೇ ಕುಳಿತಿತ್ತು. ಮೂಸಿ ನೋಡಿದಳು. ಶೇಂಗಾ, ಹುಣಸೆ, ಬೆಳ್ಳುಳ್ಳಿಗಳ ಗಾಢ ವಾಸನೆಯ ನಡುವೆ ಏನೂ ತಿಳಿಯಲಿಲ್ಲ. ಬಾಯಿಗೆ ಹಾಕಿಕೊಂಡು ನೋಡಬಹುದಿತ್ತು, ನೋಡಲಿಲ್ಲ. ಬಿಸಿ ಎಣ್ಣೆಯ ಒಗ್ಗರಣೆ ಕೊಟ್ಟು ಬಡಿಸಿದಳು. ಕೆಟ್ಟಿದ್ದರೆ ಮೊದಲ ತುತ್ತಿಗೇ ಅವರು ತಟ್ಟೆ ಸರಿಸುತ್ತಾರೆ. ಈ ಊರಿನಲ್ಲಿ ಆ ನಾಲಿಗೆಗಿಂತ ದೊಡ್ಡ ಪರೀಕ್ಷೆ ಯಾವುದಿದೆ, ಎಂದು ತನಗೆ ತಾನೇ ಹೇಳಿಕೊಂಡಳು.

ಅವರು ಮೂರು ರೊಟ್ಟಿ ಉಂಡರು. ಬದನೆ ಇನ್ನಷ್ಟು ಹಾಕೆಂದರು. ಕೈ ತೊಳೆದು, "ಸೊಗಸಾಗಿತ್ತಮ್ಮ" ಎಂದು ಸ್ಕೂಟರ್ ಹತ್ತಿದರು.

ಪಾತ್ರೆ ತೊಳೆಯುವ ಮುನ್ನ ತಳದಲ್ಲಿ ಅಂಟಿದ್ದ ಮಸಾಲೆಯನ್ನು ಬೆರಳಿನಿಂದ ಬಳಿದು ನಾಲಿಗೆಗಿಟ್ಟುಕೊಂಡಳು. ಅದು ಹುಣಸೆಯ ಹುಳಿಯಾಗಿರಲಿಲ್ಲ. ಮೋರಿಯ ಬಳಿಗೆ ಓಡಿ ಉಗುಳಿದಳು. ಹೊರಬಾಗಿಲಿಗೆ ಬರುವಷ್ಟರಲ್ಲಿ ಓಣಿ ಖಾಲಿಯಾಗಿತ್ತು.

ರಾತ್ರಿ ಎಂಟಕ್ಕೆ ಫೋನು ಬಂತು.

*

ಗಾಜಿನ ಪೆಟ್ಟಿಗೆಯ ಬಲಕ್ಕೆ ಚಾಪೆಯ ಮೇಲೆ ಹೆಂಡತಿ ಮರಿಯಮ್ಮ ಕುಳಿತಿದ್ದರು. ಅಳು ನಿಂತು ಬಹಳ ಹೊತ್ತಾಗಿತ್ತು. ರೇಣುಕವ್ವ ತಂದಿದ್ದ ಹಾರವನ್ನು ಇಟ್ಟು, ಸತ್ತವರ ಮುಖವನ್ನು ನೋಡದೆ ಪಾದಗಳನ್ನಷ್ಟೇ ನೋಡಿ, ಹೆಂಗಸರ ಸಾಲಿನ ಹಿಂದಕ್ಕೆ ಸರಿದು ಗೋಡೆಗೊರಗಿದಳು. ಹೊರಟುಬಿಡಬೇಕೆನಿಸಿತು. ಹೊರಟರೆ ಯಾಕೆ ಹೊರಟಳೆಂದು ಯಾರಾದರೂ ಕೇಳಿಯಾರೆಂದು ನಿಂತಳು.

ಶಾಮಿಯಾನದ ಕೆಳಗೆ ಹೋಟೆಲಿನವರದೇ ಒಂದು ಗುಂಪು ಕೂಡಿತ್ತು. ಹಾಳೆಯಲ್ಲಿ ಹೆಸರಿದ್ದವರೆಲ್ಲ ಬಂದಿದ್ದರು. ಲತಾಮಣಿ ಫೋನು ಹಿಡಿದು ಅವರ ಬಳಿಗೆ ಬಂದಳು. ಕಣ್ಣುಗಳು ಊದಿದ್ದವು.

"ನಿನ್ನೆಯಿಂದ ಸಾವಿರ ಜನ ಕೇಳ್ತಿದಾರೆ ಅಣ್ಣ. ಅಪ್ಪ ಕೊನೆಗೆ ಎಲ್ಲಿ ಊಟ ಮಾಡಿದ್ರು ಅಂತ. ಅಲ್ಲಿಗೆ ಹೋಗಿ ಒಂದ್ಸಲ ಅವರ ಹೆಸರಲ್ಲಿ ತಿಂದು ಬರ್ತೀವಿ ಅಂತಿದಾರೆ. ನಿಮ್ಮಲ್ಲಿ ಯಾರ ಹತ್ರ ಬಂದಿದ್ರು?"

"ಸೋಮವಾರ ನಮ್ಮಲ್ಲಿಗೆ ಬಂದಿದ್ರು ತಾಯಿ," ಎಂದರು ಖಾಲಿ ದೋಸೆಯವರು.

"ಸೋಮವಾರ ಆದ್ಮೇಲೆ ಮಂಗಳವಾರ ಬರುತ್ತೆ ಗುರುವೇ," ಎಂದರು ಬಿರಿಯಾನಿಯವರು. "ಮಂಗಳವಾರ ಮಧ್ಯಾಹ್ನ ನಮ್ಮಲ್ಲೇ."

ಕೆಂಪರಾಜು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ. ಅರವತ್ತರ, ದಪ್ಪ ಮೀಸೆಯ ಆಳು. "ಇಬ್ರೂ ಸುಮ್ನಿರ್ರಪ್ಪ. ನಿನ್ನೆ ಬುಧವಾರ, ಮೂರು ಗಂಟೆಗೆ ಸರಿಯಾಗಿ, ಸಂಜೆ ಹಿಟ್ಟಿನ ಮೊದಲ ಇಡ್ಲಿ ಇಳಿಸ್ತಿದ್ದೆ. ಬಂದ್ರು. ಎರಡು ತಿಂದ್ರು. ಕೆಂಪಾ, ಇದಕ್ಕಿಂತ ಇನ್ನೇನ್ ಬೇಕೋ ಜನಕ್ಕೆ ಅಂದ್ರು." ಅವನ ದನಿ ಒಡೆಯಿತು. "ಇಪ್ಪತ್ತು ವರ್ಷದ ಸ್ನೇಹ ಕಣಮ್ಮ. ಕೊನೇ ತುತ್ತು ನನ್ ಕೈಯಿಂದಾನೇ ಹೋಯ್ತು."

ಮೂರು ಗಂಟೆ. ಸುಳ್ಳು, ಆದರೆ ಎಂಥ ಸುಳ್ಳು! ಹೆಮ್ಮೆಗೆಂದು ಅವನು ಹೇಳಿದ್ದು ತನ್ನ ಕೊರಳಿನ ಕುಣಿಕೆಯನ್ನು ತಾನಾಗಿಯೇ ಸಡಿಲಿಸಿತಲ್ಲ ಎಂದುಕೊಂಡಳು ರೇಣುಕವ್ವ. ಲತಾಮಣಿ ಅವನ ಕೈ ಹಿಡಿದುಕೊಂಡು ಅತ್ತಳು. ಉಳಿದ ಹೋಟೆಲಿನವರು ಹೊಟ್ಟೆಕಿಚ್ಚನ್ನು ನುಂಗಿಕೊಂಡು ತಲೆದೂಗಿದರು.

*

ಮೊದಲ ಸಲ ಅವರು ಖಾನಾವಳಿಗೆ ಬಂದದ್ದು ಮೂರು ವರ್ಷದ ಹಿಂದೆ. ಒಳ್ಳೆಯ ಜಾಗಗಳೆಲ್ಲ ಖಾಲಿಯಿದ್ದರೂ ಅವರು ಕುಳಿತದ್ದು ಎಂಜಲು ತಟ್ಟೆಗಳ ಟಬ್ಬಿನ ಪಕ್ಕದ ಬೆಂಚಿನಲ್ಲಿ.

"ಅಲ್ಲಿ ಬ್ಯಾಡ್ರೀ, ನೀರ ಸಿಡಿತೈತಿ," ಎಂದಿದ್ದಳು.

"ಇಲ್ಲೇ ಇರ್ಲಿ ಬಿಡಮ್ಮ. ಫ್ಯಾನ್ ಗಾಳಿ ಚೆನ್ನಾಗಿದೆ."

ಫ್ಯಾನು ಇದ್ದುದು ಇನ್ನೊಂದು ಮೂಲೆಯಲ್ಲಿ. ದೊಡ್ಡವರು, ಏನೋ ಸರಳತನ, ಎಂದು ಅವಳು ಸುಮ್ಮನಾದಳು. ಒಂದು ಗಂಟೆ ಕುಳಿತರು. ಏಳುವಾಗ ಹೇಳಿದರು: "ಹೊರಗಿನೋರಿಗೆ ಗುರೆಳ್ಳು ಪುಡಿ ಖಾರ ಆಗ್ತಿದೆ. ಒಂದು ಚಮಚ ಕಮ್ಮಿ ಹಾಕು. ರೊಟ್ಟಿ ಮಾತ್ರ ಮುಟ್ಟಬೇಡ, ಹಾಗೇ ಇರ್ಲಿ." ಪುಡಿಯಲ್ಲಿ ಖಾರ ತಗ್ಗಿಸಿದ ವಾರವೇ ಗಿರಾಕಿಗಳು ಎರಡನೆಯ ಸಲ ಕೇಳತೊಡಗಿದರು. ಮುಂದಿನ ವಾರ ಹಾಳೆಯಲ್ಲಿ ಅವಳ ಹೆಸರು ಬಂತು. ಗಂಡ ತೀರಿಹೋದ ಮೇಲೆ ಬಾಗಲಕೋಟೆಯ ಕಡೆಯಿಂದ ಬಂದು, ಈ ಊರಿನಲ್ಲಿ ಯಾರಿಗೂ ಬೇಡವಾಗಿ ಕುಳಿತಿದ್ದ ಹೆಂಗಸಿಗೆ ಆ ಎರಡು ಸಾಲೇ ಅನ್ನವಾಯಿತು.

*

ಹನ್ನೊಂದರ ಹೊತ್ತಿಗೆ ಚಟ್ಟ ಸಿದ್ಧವಾಯಿತು. ಗಂಡುಮಕ್ಕಳಿಲ್ಲದ್ದರಿಂದ ತಮ್ಮನ ಮಗ ಚೈತನ್ಯ ಒದ್ದೆ ಪಂಚೆಯುಟ್ಟು ನಿಂತಿದ್ದ. ಅವನು ಬಂದವರೊಬ್ಬರಿಗೆ ವಿವರಿಸುತ್ತಿದ್ದ ಮಾತು ಶಾಮಿಯಾನದ ತುಂಬ ಕೇಳಿಸಿತು.

"ಹಾರ್ಟು ಅಂದ್ರು ಡಾಕ್ಟ್ರು. ಆದ್ರೆ ಅದಕ್ಕೆ ಮುಂಚೆ ಎರಡು ಸಲ ವಾಂತಿ ಮಾಡ್ಕೊಂಡ್ರು ಸಾರ್. ಬೆವರು ಅಂದ್ರೆ ಬೆವರು. ತಿಂದಿದ್ದು ಹೊಟ್ಟೇಲಿ ನಿಲ್ಲಲೇ ಇಲ್ಲ."

ಖಾಲಿ ದೋಸೆಯವರು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದರು. ಬಿರಿಯಾನಿಯವರು ಮೆಲ್ಲಗೆ, "ಮಂಗಳವಾರ ಅಂದ್ನಾ? ಭಾನುವಾರ ಇರ್ಬೇಕು," ಎಂದರು. ಎಲ್ಲರ ಕಣ್ಣೂ ಒಬ್ಬನ ಮೇಲೆ ಹೋಗಿ ನಿಂತಿತು.

ಚೈತನ್ಯನೂ ಅತ್ತಲೇ ತಿರುಗಿದ. "ಕೆಂಪಣ್ಣ, ಮೂರು ಗಂಟೆಗೆ ನಿಮ್ಮಲ್ಲೇ ತಾನೇ ತಿಂದಿದ್ದು? ಏನು ಕೊಟ್ರಿ?"

"ನಾನಾ? ಇಡ್ಲಿ ಕಣಪ್ಪ... ಅಲ್ಲ..." ಕೆಂಪರಾಜು ತುಟಿ ಸವರಿಕೊಂಡ. "ನೋಡು ಮಗಾ, ನಿಜ ಹೇಳ್ತೀನಿ. ಅವರು ನಿನ್ನೆ ಬಂದಿರ್ಲಿಲ್ಲ. ಸುಮ್ನೆ ಹೇಳ್ಬಿಟ್ಟೆ. ಪ್ರೀತಿಗೆ."

"ಸತ್ತೋರ ಮುಂದೆ ಯಾರಾದ್ರೂ ಸುಮ್ನೆ ಹೇಳ್ತಾರಾ? ಟೈಮ್ ಹೇಳಿದ್ರಿ, ಎಷ್ಟು ಇಡ್ಲಿ ಅಂತ ಹೇಳಿದ್ರಿ, ದೊಡ್ಡಪ್ಪ ಏನಂದ್ರು ಅಂತಾನೂ ಹೇಳಿದ್ರಿ. ಈಗ ಬಂದೇ ಇಲ್ವಾ?"

"ಮಂಜುನಾಥನಾಣೆ ಕಣೋ!"

"ಎತ್ತೋದು ಬೇಡ," ಎಂದು ಚೈತನ್ಯ ಚಟ್ಟದ ಬಳಿ ನಿಂತವರಿಗೆ ಕೈಸನ್ನೆ ಮಾಡಿದ. "ಸ್ಟೇಷನ್ನಿಗೆ ಫೋನ್ ಮಾಡ್ತೀನಿ. ಬಾಡಿ ಕೊಯ್ಸಿ ನೋಡ್ಲಿ, ಗೊತ್ತಾಗುತ್ತೆ. ಲತಕ್ಕ, ನೀನೂ ಪುಟದಲ್ಲಿ ಬರಿ. ಎಲ್ಲಿ ತಿಂದ್ರು ಅಂತ ನಲವತ್ತು ಸಾವಿರ ಜನಕ್ಕೆ ಗೊತ್ತಾಗ್ಲಿ."

ಲತಾಮಣಿ ಫೋನಿನಲ್ಲಿ ಪುಟ ತೆರೆದಳು. ಕೆಂಪರಾಜು ಪಕ್ಕದವರತ್ತ ತಿರುಗಿದ. ಬೆಳಿಗ್ಗೆ ಅವನ ಪಕ್ಕ ಕೂರಲು ಕುರ್ಚಿ ಎಳೆದುಕೊಂಡವರು ಈಗ ಒಂದೊಂದೇ ಹೆಜ್ಜೆ ಹಿಂದೆ ಸರಿದಿದ್ದರು.

ಸುಮ್ಮನಿರು, ಎಂದಿತು ರೇಣುಕವ್ವನ ಮನಸ್ಸು. ಅವನೇ ತೋಡಿಕೊಂಡ ಗುಂಡಿ. ನೀನು ಬಾಯಿ ತೆರೆದರೆ ನಾಳೆ ಓಣಿಗೆ ಒಂದು ನಾಯಿಯೂ ಬರುವುದಿಲ್ಲ, ಪೊಲೀಸರು ಬರುತ್ತಾರೆ. ಬೆನ್ನ ಹಿಂದಿನ ಗೋಡೆ ತಣ್ಣಗಿತ್ತು. ಕೊಯ್ಯುವುದು ಎಂಬ ಮಾತಿಗೆ ಮರಿಯಮ್ಮ ತಲೆಯೆತ್ತಿ, ಗಾಜಿನ ಮೇಲೆ ಅಡ್ಡಲಾಗಿ ಕೈ ಚಾಚಿದ್ದನ್ನು ಅವಳು ಕಂಡಳು. ಆ ಕೈ ಕಂಡದ್ದೇ ತಡ, ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು.

"ಕೆಂಪರಾಜಣ್ಣಾರ್ದು ಏನೂ ತಪ್ಪಿಲ್ರೀ."

ಎಲ್ಲರೂ ತಿರುಗಿದರು.

"ನಿನ್ನಿ ಮೂರಕ್ಕ ಯಜಮಾನ್ರು ಉಂಡದ್ದು ನನ್ನ ಖಾನಾವಳ್ಯಾಗ್ರೀ. ಹಿಂದಿನ ದಿನದ ಬದನಿಕಾಯಿ ಇತ್ತು. ಬಿಸಿ ಮಾಡಿ ಹಾಕಿದ್ನಿ. ಅವರು ಹ್ವಾದಮ್ಯಾಲೆ ಬಾಯಾಗ ಇಟ್ಟು ನೋಡಿದ್ನಿ... ಹಳಸಿತ್ರೀ."

ಚೈತನ್ಯ ಎರಡು ಹೆಜ್ಜೆ ಮುಂದೆ ಬಂದ. "ಹಳಸಿದ್ದು ಹಾಕಿದ್ಯಾ? ಅವರಿಗೆ? ಅವರ ನಾಲ್ಗೆಗೆ ಗೊತ್ತಾಗದೇ ಇರುತ್ತಾ? ಬಾಯಿಗಿಟ್ಟ ತಕ್ಷಣ ಉಗೀತಿದ್ರು! ನೀನೇನೋ ಬೇರೆ—"

"ಗೊತ್ತಾಗ್ತಿರ್ಲಿಲ್ಲ," ಎಂದರು ಮರಿಯಮ್ಮ.

ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

"ಆ ಕೊರೊನಾ ಜ್ವರದಲ್ಲಿ ಹೋದ ರುಚಿ ವಾಪಸ್ ಬರ್ಲೇ ಇಲ್ಲ. ವಾಸ್ನೆನೂ ಅಷ್ಟೇ. ಸೀಮೆಎಣ್ಣೆ ಕೊಟ್ಟಿದ್ರೂ ಮಜ್ಜಿಗೆ ಅಂತ ಕುಡೀತಿದ್ರು."

ಲತಾಮಣಿ ಫೋನು ಕೆಳಗಿಳಿಸಿದಳು. "ಏನಮ್ಮ ಹೇಳ್ತಿದೀಯ? ಮತ್ತೆ ಹಾಳೆಗಳು? ಇಷ್ಟು ವರ್ಷ ಬರೆದಿದ್ದು?"

"ಬೇರೆಯೋರ ತಟ್ಟೆ ನೋಡಿ ಬರೆಯೋರು. ಯಾರು ಏನು ಬಿಟ್ರು, ಯಾರು ಬೆರಳು ನೆಕ್ಕಿದ್ರು, ಮಕ್ಕಳು ಯಾವುದಕ್ಕೆ ಮುಖ ಕಿವುಚಿದ್ರು. ನಾಲ್ಗೆ ಸುಳ್ಳು ಹೇಳ್ಬಹುದು ಕಣೇ, ಎಂಜಲು ತಟ್ಟೆ ಹೇಳಲ್ಲ ಅನ್ನೋರು. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಊರಿಗೆ ಬಂದೋರಿಗೆ ದಾರಿ ತೋರಿಸೋದು ಒಂದೇ ಕೆಲ್ಸ ಉಳಿದಿದೆ, ಅದನ್ನೂ ಕಿತ್ಕೋಬೇಡಿ ಅಂತ."

ಹೋಟೆಲಿನವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರೇಣುಕವ್ವನಿಗೆ ಮಾತ್ರ ಬೇರೆಯದೇ ಕಾಣುತ್ತಿತ್ತು: ನಿನ್ನೆ ಮೂರು ಗಂಟೆಯ ಖಾನಾವಳಿ, ಒರೆಸಿದ ಬೆಂಚುಗಳು, ಒಣಗಿದ ಟಬ್ಬು. ಪಕ್ಕದಲ್ಲಿ ನೋಡಲು ಅವರಿಗೆ ಇನ್ನೊಂದು ತಟ್ಟೆಯೇ ಇರಲಿಲ್ಲ.

"ದೊಡ್ಡಮ್ಮ, ಹಾಗಾದ್ರೆ ಇವಳನ್ನ ಸುಮ್ನೆ ಬಿಡೋದಾ?"

"ಕೊಯ್ಸೋದು ಬೇಡ," ಎಂದರು ಮರಿಯಮ್ಮ. ಕ್ಷಮಿಸಿದೆನೆಂದಾಗಲಿ ಕ್ಷಮಿಸಲಿಲ್ಲವೆಂದಾಗಲಿ ಆ ದನಿ ಹೇಳಲಿಲ್ಲ. "ಊಟ ಹಾಕೋರಿಗೆ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಬಾಯಿಗಕ್ಕಿ ಹಾಕಿ ಎತ್ರಿ, ಬಿಸಿಲೇರ್ತಿದೆ."

ಪೆಟ್ಟಿಗೆಯ ಮುಚ್ಚಳ ತೆಗೆದರು. ಬಟ್ಟಲಿನಲ್ಲಿ ನೆನೆದ ಅಕ್ಕಿಯಿಟ್ಟರು. ಬಂಧುಗಳು, ಬಾಡಿಗೆಯವರು, ಹೋಟೆಲಿನವರು ಸಾಲಾಗಿ ಬಂದು, ನಾಲ್ಕು ನಾಲ್ಕು ಕಾಳುಗಳನ್ನು ಆ ಮುಚ್ಚಿದ ತುಟಿಗಳ ಮೇಲೆ ಬಿಟ್ಟು ಸರಿದರು. ಕೆಂಪರಾಜು ಬಿಕ್ಕುತ್ತ ಹಾಕಿದ. ಲತಾಮಣಿ ಹಾಕಿದಳು. ರೇಣುಕವ್ವ ಯಾರಿಗೂ ಕಾಣದಂತೆ ಗೇಟಿನ ಕಡೆ ಜರುಗುತ್ತಿದ್ದಳು.

"ರೇಣುಕಮ್ಮ."

ಮರಿಯಮ್ಮನವರ ದನಿ. ಅವಳು ನಿಂತಳು.

"ನೀನು ಹಾಕದೆ ಹೋಗ್ತೀಯಾ?"

ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ಆ ಹತ್ತು ಹೆಜ್ಜೆ ಅವಳು ಹೇಗೆ ನಡೆದಳೋ ತಿಳಿಯದು. ಮರಿಯಮ್ಮನವರೇ ಬಟ್ಟಲಿನಿಂದ ಅಕ್ಕಿ ತೆಗೆದು ಅವಳ ಅಂಗೈಗೆ ಸುರಿದರು. ರೇಣುಕವ್ವ ಬಗ್ಗಿದಳು, ಈಗ ಆ ಮುಖವನ್ನು ನೋಡದೆ ಗತ್ಯಂತರವಿರಲಿಲ್ಲ. ಕೈ ಮಗುಚಿದಳು. ಬೆವೆತ ಅಂಗೈಗೆ ಅಂಟಿದ ಅಕ್ಕಿ ಬೀಳಲಿಲ್ಲ. ಬೆರಳು ಕೊಡವಿದಳು, ಎರಡು ಕಾಳು ಬಿದ್ದವು. ಹಿಂದೆಗೆಯಲು ಹೋದಾಗ ಮರಿಯಮ್ಮನವರ ಮುದಿ ಕೈ ಅವಳ ಮಣಿಕಟ್ಟನ್ನು ಹಿಡಿದು, ಅದನ್ನು ಗಂಡನ ಬಾಯಿಯ ಮೇಲೆಯೇ ನಿಲ್ಲಿಸಿತು. ಒಂದೊಂದಾಗಿ ಕಾಳುಗಳು ಉದುರಿದವು. ಕೊನೆಯದು ಬೀಳುವವರೆಗೂ ಆ ಹಿಡಿತ ಸಡಿಲಲಿಲ್ಲ.